ಇಪ್ಪತ್ತು ಡಿಗ್ರಿ, ಹತ್ತು ಡಾಲರ್

ಕಳೆದ ಮಳೆಗಾಲದಲ್ಲಿ ಕ್ಯಾಬ್ ಇಳಿಯೋವಾಗ ಫುಟ್‌ಪಾತಿನ ಅಲ್ಲಾಡುವ ಚಪ್ಪಡಿ ಮೇಲೆ ಕಾಲಿಟ್ಟು ಉಳುಕಿಸಿಕೊಂಡೆ. ಮೂರು ವಾರ ಆದ್ಮೇಲೂ ಊತ ಇಳೀಲಿಲ್ಲ. ಫಿಸಿಯೋಥೆರಪಿಸ್ಟ್ ಒಂದು ಪ್ಲಾಸ್ಟಿಕ್ ಸಾಧನ ತೆಗೆದರು. ಹೆಸರು ಗೋನಿಯೋಮೀಟರ್. ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ಎರಡು ಕೈ ಮೂಡಿದ ಹಾಗಿತ್ತು. "ಪಾದ ಮೇಲಕ್ಕೆ ಎಳ್ಕೊಳ್ಳಿ" ಅಂದರು. ಎಳೆದೆ. "ಹನ್ನೆರಡು ಡಿಗ್ರಿ. ಇಪ್ಪತ್ತು ಬರಬೇಕು."

ಇನ್ಶೂರೆನ್ಸ್ ಕ್ಲೇಮುಗಳ ಸಾಫ್ಟ್‌ವೇರ್ ಬರೆಯೋದು ನನ್ನ ಹೊಟ್ಟೆಪಾಡು. ನೋವು ಒಂದು ಸಂಖ್ಯೆಯಾಗಿ ಫಾರ್ಮಿಗೆ ಇಳಿಯೋದನ್ನ ದಿನಾ ನೋಡ್ತೀನಿ. ಆದರೆ ನನ್ನದೇ ಕಾಲು ಸಂಖ್ಯೆ ಆದಾಗ ಕುತೂಹಲ ಬಂತು. ಕಾಲನ್ನ ದಿಂಬಿನ ಮೇಲಿಟ್ಟುಕೊಂಡು ಓದ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಮಾಜಿ ಸೈನಿಕರ ಆಂಕಲ್‌ಗಳ ಇತಿಹಾಸ.

ಅಲ್ಲಿನ ಕಾನೂನು ಈ ಕೋನಕ್ಕೆ ಬೆಲೆ ಕಟ್ಟಿದೆ. ಪಾದ ಮೇಲಕ್ಕೆ 20 ಡಿಗ್ರಿ, ಕೆಳಕ್ಕೆ 45 ಡಿಗ್ರಿ ಬಾಗಿದರೆ ಸಹಜ. ಮೇಲಕ್ಕೆ 15ಕ್ಕಿಂತ ಕಡಿಮೆ ಅಥವಾ ಕೆಳಕ್ಕೆ 30ಕ್ಕಿಂತ ಕಡಿಮೆ ಆದರೆ 10 ಪರ್ಸೆಂಟ್ ಅಂಗವೈಕಲ್ಯ. 5ಕ್ಕಿಂತ ಅಥವಾ 10ಕ್ಕಿಂತ ಕಡಿಮೆ ಆದರೆ 20 ಪರ್ಸೆಂಟ್. 2025ರ ದರದಲ್ಲಿ 10 ಪರ್ಸೆಂಟ್ ಅಂದ್ರೆ ತಿಂಗಳಿಗೆ 175 ಡಾಲರ್ ಚಿಲ್ಲರೆ. ನನ್ನ ಹನ್ನೆರಡು ಡಿಗ್ರಿ ಅಲ್ಲಿ ಹತ್ತು ಪರ್ಸೆಂಟಿನ ಗೆರೆಯೊಳಗೆ ಬರ್ತಿತ್ತು. ಈ ಅಂಕಿಗಳು ಪಟ್ಟಿಗೆ ಸೇರಿದ್ದು 2021ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲು ಇದ್ದಿದ್ದು 'ಮಧ್ಯಮ', 'ಗಣನೀಯ' ಅನ್ನೋ ಎರಡು ಪದ ಅಷ್ಟೇ. ಯಾವುದು ಮಧ್ಯಮ, ಯಾವುದು ಗಣನೀಯ ಅನ್ನೋದು ಕಡತ ನೋಡುವವರ ತೀರ್ಮಾನ.

ಕೋನ ಅಳೆಯೋದು ಸುಲಭ. ಕಷ್ಟ ಇರೋದು ಅದಕ್ಕೂ ಮುಂಚೆ. ಈಗ ತೊಂದರೆ ಇದೆ, ಸೇವೆಯಲ್ಲಿದ್ದಾಗ ಏನೋ ಆಗಿತ್ತು, ಆಗ ಆಗಿದ್ದಕ್ಕೂ ಈಗಿನ ತೊಂದರೆಗೂ ಸಂಬಂಧ ಇದೆ. ಈ ಮೂರನ್ನೂ ತೋರಿಸಬೇಕು. ಪ್ಯಾರಾಚೂಟಿನಿಂದ ನೆಲಕ್ಕೆ ಬಿದ್ದವನು, ಭಾರದ ಚೀಲ ಹೊತ್ತು ಇಳಿಜಾರಲ್ಲಿ ಓಡಿದವನು ಆ ಹೊತ್ತಿಗೆ ಬ್ಯಾಂಡೇಜ್ ಸುತ್ತಿಕೊಂಡು ಮುಂದೆ ಹೋಗಿರ್ತಾನೆ. ಇಪ್ಪತ್ತು ವರ್ಷ ಆದ್ಮೇಲೆ ಅವನ ಹತ್ತಿರ ಇರೋದು ಊದಿದ ಕಾಲು ಮಾತ್ರ, ಕಾಗದ ಇರಲ್ಲ. ಆಗ ಯಾರನ್ನ ನಂಬೋದು? ಅಮೆರಿಕ ಈ ಪ್ರಶ್ನೆ ಜೊತೆ ಶುರುವಿಂದಲೂ ಗುದ್ದಾಡಿದೆ.

ಸ್ವಾತಂತ್ರ್ಯ ಘೋಷಿಸಿ ಎರಡು ತಿಂಗಳೂ ಆಗಿರಲಿಲ್ಲ. 1776ರ ಆಗಸ್ಟ್ 26ರಂದೇ ಅಲ್ಲಿನ ಕಾಂಗ್ರೆಸ್, ಯುದ್ಧದಲ್ಲಿ ಕೈಕಾಲು ಕಳಕೊಂಡು ದುಡಿಯಲಾಗದವರಿಗೆ ಜೀವನಪೂರ್ತಿ ಅರ್ಧ ಸಂಬಳ ಕೊಡ್ತೀವಿ ಅಂತ ಮಾತು ಕೊಟ್ಟಿತು. ಅಂತರ್ಯುದ್ಧದ ನಡುವೆ 1862ರ ಕಾಯ್ದೆ ಬಂತು. ಪೂರ್ತಿ ಅಂಗವಿಕಲನಾದ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 8 ಡಾಲರ್, ಲೆಫ್ಟಿನೆಂಟ್ ಕರ್ನಲ್ ಮತ್ತು ಮೇಲಿನವರಿಗೆ 30. ಗಾಯ ಒಂದೇ ಆದರೂ ದರ ಹುದ್ದೆಯನ್ನ ನೋಡ್ತಿತ್ತು.

ಅರ್ಜಿಗಳು ಎಷ್ಟು ಬಂದವು ಅಂದ್ರೆ ಅವುಗಳಿಗಾಗಿಯೇ ವಾಷಿಂಗ್ಟನ್‌ನಲ್ಲಿ ದೊಡ್ಡ ಇಟ್ಟಿಗೆ ಕಟ್ಟಡ ಎದ್ದಿತು. 1887ರಲ್ಲಿ ಮುಗಿದ ಆ ಪೆನ್ಷನ್ ಬಿಲ್ಡಿಂಗ್ ಈಗ ವಸ್ತುಸಂಗ್ರಹಾಲಯ. ಅದರ ಹೊರಗೋಡೆಯ ಸುತ್ತಲೂ ನಡೆದು ಹೋಗುವ ಸೈನಿಕರ ಉಬ್ಬುಶಿಲ್ಪ ಇದೆ, ಗಾಯಾಳುಗಳೂ ಅದರಲ್ಲಿದ್ದಾರೆ. 1890ರ ದಶಕದ ಆರಂಭದಲ್ಲಿ ಒಕ್ಕೂಟ ಸರ್ಕಾರದ ವರಮಾನದ ಐದರಲ್ಲಿ ಸುಮಾರು ಎರಡು ಪಾಲು ಈ ಪಿಂಚಣಿಗೇ ಹೋಗ್ತಿತ್ತು.

ದುಡ್ಡಿರೋ ಕಡೆ ದಲ್ಲಾಳಿಗಳು ಬರ್ತಾರೆ, ಅಲ್ವಾ? ಅರ್ಜಿ ಬರೆದುಕೊಟ್ಟು ಪಿಂಚಣಿಯಲ್ಲೇ ಪಾಲು ಕೀಳುವವರನ್ನ ತಡೆಯೋಕೆ ಸರ್ಕಾರ ಫೀಸಿಗೆ ಮಿತಿ ಹಾಕಿತು. 1862ರಲ್ಲಿ 5 ಡಾಲರ್, 1864ರಲ್ಲಿ 10 ಡಾಲರ್. ಉದ್ದೇಶ ಒಳ್ಳೇದೇ. ಆದರೆ ಆ ಹತ್ತು ಡಾಲರ್ ಹಾಗೇ ಉಳೀತು. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಲ್ಲ ಮುಗಿದರೂ ಹತ್ತೇ ಡಾಲರ್. ಹತ್ತು ಡಾಲರಿಗೆ ಕಡತ ಓದೋ ವಕೀಲ ಎಲ್ಲಿ ಸಿಗ್ತಾನೆ? ಇದನ್ನ ಪ್ರಶ್ನಿಸಿದ ಮೊಕದ್ದಮೆಯಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್ ಮಿತಿಯನ್ನ ಎತ್ತಿಹಿಡಿಯಿತು. ಇದು ವಾದ–ಪ್ರತಿವಾದದ ಜಾಗ ಅಲ್ಲ, ಸರ್ಕಾರವೇ ಸೈನಿಕನಿಗೆ ಸಹಾಯ ಮಾಡುತ್ತೆ, ವಕೀಲರು ಬಂದರೆ ಗೋಜಲು ಹೆಚ್ಚುತ್ತೆ ಅನ್ನೋ ತರ್ಕ. ಸಾಲದ್ದಕ್ಕೆ 1933ರಿಂದ ಇಂಥ ತೀರ್ಮಾನಗಳನ್ನ ನ್ಯಾಯಾಲಯದಲ್ಲಿ ಪ್ರಶ್ನಿಸೋ ಬಾಗಿಲೂ ಮುಚ್ಚಿತ್ತು. ಇಲಾಖೆ ಇಲ್ಲ ಅಂದ್ರೆ ಇಲ್ಲ.

1988ರಲ್ಲಿ ಕಾಂಗ್ರೆಸ್ ಬಾಗಿಲು ತೆಗೆಯಿತು. ಮಾಜಿ ಸೈನಿಕರ ಮೇಲ್ಮನವಿಗೆಂದೇ ಪ್ರತ್ಯೇಕ ನ್ಯಾಯಾಲಯ ಬಂತು, ಹತ್ತು ಡಾಲರಿನ ಮಿತಿ ಹೋಯಿತು. 1990ರಲ್ಲಿ ಈ ಕೋರ್ಟು ಒಂದು ಪ್ರಕರಣದಲ್ಲಿ, ಸಾಕ್ಷ್ಯ ಎರಡೂ ಕಡೆ ಸಮ ಇದ್ದರೆ ಸಂಶಯದ ಲಾಭ ಸೈನಿಕನಿಗೆ ಅನ್ನೋ ನಿಯಮವನ್ನ ಬೇಸ್‌ಬಾಲ್ ಹೋಲಿಕೆ ಕೊಟ್ಟು ವಿವರಿಸಿತು. ನಮಗೆ ಕ್ರಿಕೆಟ್ ಗೊತ್ತಲ್ಲ, ಅಂಪೈರಿಗೆ ಅನುಮಾನ ಬಂದರೆ ಬ್ಯಾಟ್ಸ್‌ಮನ್ ಬಚಾವ್. ಅದೇ ಲೆಕ್ಕ.

ಆಮೇಲೆ ಬಂದಿದ್ದು ನೋವಿನ ಪ್ರಶ್ನೆ. ಗೋನಿಯೋಮೀಟರ್ ಕೋನ ಹೇಳುತ್ತೆ, ನೋವು ಹೇಳಲ್ಲ. ಪರೀಕ್ಷೆಯ ದಿನ ಪಾದ ಚೆನ್ನಾಗೇ ಬಾಗಬಹುದು, ಮಾರನೇ ದಿನ ಮೆಟ್ಟಿಲು ಹತ್ತೋಕೆ ಆಗದೇ ಇರಬಹುದು. 1995ರ ಡೆಲೂಕ ತೀರ್ಪು, ನೋವು ಉಲ್ಬಣಿಸಿದಾಗ, ಪದೇ ಪದೇ ಬಳಸಿದಾಗ ಎಷ್ಟು ಶಕ್ತಿ ಹೋಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತು. ಅದು ಭುಜದ ಪ್ರಕರಣ, ಆದರೆ ಮಾತು ಎಲ್ಲ ಕೀಲುಗಳಿಗೂ ಅನ್ವಯ. 2018ರಲ್ಲಿ ಮೊಣಕಾಲು ನೋವಿನ ಮಾಜಿ ಸೈನಿಕಳೊಬ್ಬಳ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇನ್ನೂ ಮುಂದೆ ಹೋಯಿತು: ರೋಗಕ್ಕೊಂದು ಹೆಸರು ಸಿಗದಿದ್ದರೂ, ಕೆಲಸ ಕೆಡಿಸೋವಷ್ಟು ನೋವಿದ್ದರೆ ನೋವೇ ಅಂಗವೈಕಲ್ಯ ಆಗಬಹುದು. ಇಷ್ಟು ಒಪ್ಪಿಕೊಳ್ಳೋಕೆ 1776ರಿಂದ 242 ವರ್ಷ ಹಿಡೀತು.

ಇದನ್ನೆಲ್ಲ ಓದುವಾಗ ನನ್ನ ತಲೇಲಿ ಇದ್ದಿದ್ದು ಹಾಸನದ ನಮ್ಮ ಸೋದರಮಾವ. ಹದಿನೇಳು ವರ್ಷ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ಬಂದವರು. ಅವರ ಎಡಗಾಲು ಸಂಜೆಯಾದರೆ ಊದುತ್ತೆ. ಚಿಕ್ಕವನಿದ್ದಾಗ ಉಪ್ಪುನೀರಿನ ಬಕೆಟ್ಟನ್ನ ಅವರ ಮುಂದೆ ಇಡೋ ಕೆಲಸ ನನ್ನದು. ಮೊನ್ನೆ ಫೋನ್ ಮಾಡಿ ಕೇಳಿದೆ, "ಮಾವ, ಬಿಡುಗಡೆ ಆಗೋವಾಗ ಡಾಕ್ಟ್ರಿಗೆ ಇದನ್ನ ಹೇಳಿರಲಿಲ್ವಾ?"

ಅವರು ನಕ್ಕರು. "ಏನಾದ್ರೂ ತೊಂದರೆ ಇದೆಯಾ ಅಂತ ಕೇಳಿದ್ರು ಕಣೋ. ಏನಿಲ್ಲ ಸರ್ ಅಂದೆ. ಹೇಳಿದ್ರೆ ಇನ್ನೆರಡು ವಾರ ಆಸ್ಪತ್ರೇಲಿ ಕೂರಿಸ್ತಿದ್ರು. ರಾತ್ರಿ ಟ್ರೇನಿಗೆ ಟಿಕೆಟ್ ಆಗಿತ್ತು. ನಿಮ್ಮತ್ತೆ ಕಾಯ್ತಿದ್ಲು."

ತಪ್ಪು ಯಾರದ್ದೂ ಅಲ್ಲ. ಕೇಳಬೇಕಾದವರು ಕೇಳಿದರು, ಮಾವ ಮನೆಗೆ ಬರೋ ಆತುರದಲ್ಲಿದ್ದರು. ಆದರೆ ಕಾಗದದಲ್ಲಿ ಉಳಿದದ್ದು 'ಏನಿಲ್ಲ' ಅನ್ನೋ ಮಾತು.

ನಮ್ಮಲ್ಲೂ ಅಂಗವೈಕಲ್ಯ ಪಿಂಚಣಿ ಇದೆ. ಸೇವೆಯಿಂದ ಬಂದಿದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಅಂತ ಸಾಬೀತಾಗಬೇಕು, ಸಾಮಾನ್ಯವಾಗಿ ಕನಿಷ್ಠ 20 ಪರ್ಸೆಂಟ್ ಇರಬೇಕು. 2013ರಲ್ಲಿ ಧರಮವೀರ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಕಾಣಿಸಿದರೆ ಅದು ಸೇವೆಯಿಂದ ಬಂದಿದ್ದೆಂದೇ ಭಾವಿಸಬೇಕು, ಸಾಬೀತಿನ ಹೊರೆ ಸೈನಿಕನ ಮೇಲಿಲ್ಲ ಅಂತ ಹೇಳಿತು. ಎರಡು ದೇಶಗಳೂ ಬೇರೆ ಬೇರೆ ದಾರಿ ಹಿಡಿದು ಸಂಶಯದ ಲಾಭದ ಹತ್ತಿರ ಬಂದಿವೆ. ಆದರೆ ಸಂಶಯದ ಲಾಭ ಸಿಗೋಕೂ ಕಡತದಲ್ಲಿ ಏನಾದರೂ ಒಂದು ಸಾಲು ಇರಬೇಕಲ್ಲ? ನಾವು ಆಫೀಸಲ್ಲಿ "ಐ ಆಮ್ ಫೈನ್" ಅಂತ ಎಷ್ಟು ಸಲ ಹೇಳ್ತೀವೋ, ಅಷ್ಟೂ ಸಲ ನಮ್ಮ ವಿರುದ್ಧ ನಾವೇ ಸಾಕ್ಷಿ ಬರೆದುಕೊಡ್ತಿರ್ತೀವಿ.

"ಆಗಿನ ಚೀಟಿ ಏನಾದ್ರೂ ಇದೆಯಾ ಮಾವ?"

"ಟ್ರಂಕಲ್ಲಿ ನೋಡ್ಬೇಕು. ಯಾಕೋ ಈಗ?"

"ನೋಡಿ. ಭಾನುವಾರ ಬರ್ತೀನಿ."

ನನ್ನ ಆಂಕಲ್ ಈಗ ಹದಿನೆಂಟು ಡಿಗ್ರಿಗೆ ಬಂದಿದೆ. ಮಾವನದು ಎಷ್ಟು ಅಂತ ಇವತ್ತಿನವರೆಗೂ ಯಾರೂ ಅಳೆದಿಲ್ಲ.