ಧ್ವನಿಮುದ್ರಿಕೆಗಳನ್ನು ಕೂಡಿ ಕೇಳುವ ರೂಢಿ: ಬೀದರ ಸೀಮೆ ಮತ್ತು ಉತ್ತರ ಕರ್ನಾಟಕ

ಶಾಸ್ತ್ರೀಯ ಸಂಗೀತದ ರಸಿಕರು ತಮಗೆ ಸಿಕ್ಕ ಮುದ್ರಿಕೆಯನ್ನು ನೆರೆಹೊರೆಯವರಿಗೆ ಕೇಳಿಸುವುದು, ಇಂಥದ್ದನ್ನು ಕೇಳಿರೆಂದು ಹೇಳಿಕಳಿಸುವುದು, ಒಂದೇ ರಾಗವನ್ನು ಇಬ್ಬರು ಗಾಯಕರ ಕಂಠದಲ್ಲಿ ಕೇಳಿ ವಾದಿಸುವುದು ಉತ್ತರ ಕರ್ನಾಟಕದಲ್ಲಿ ಗ್ರಾಮಫೋನಿನ ಜತೆಗೇ ಬೆಳೆದ ರೂಢಿ. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿಗಳಲ್ಲಿ ಗುರುಗಳಿದ್ದರು, ನಾಟಕ ಕಂಪನಿಗಳಿದ್ದವು, ರಾತ್ರಿಯಿಡೀ ಬೈಠಕ್‌ಗಳು ನಡೆಯುತ್ತಿದ್ದವು. ಬೀದರ, ಭಾಲ್ಕಿ, ಔರಾದ, ಕೊಳಾರಗಳ ಕಡೆ ಅಂಥ ಅನುಕೂಲ ಕಡಿಮೆ. ಈ ಭಾಗದ ಕೇಳುಗರಿಗೆ ದೊಡ್ಡ ಗಾಯಕರು ದೊರೆತದ್ದು ಬಹುಮಟ್ಟಿಗೆ ರೇಡಿಯೊ, ಗ್ರಾಮಫೋನ್ ಪ್ಲೇಟು ಮತ್ತು ಕ್ಯಾಸೆಟ್ಟುಗಳಲ್ಲಿ. ಮುದ್ರಿಕೆಯನ್ನು ಹಂಚಿಕೊಳ್ಳುವುದು ಇಲ್ಲಿ ಬಿಡುವಿನ ಹವ್ಯಾಸಕ್ಕಿಂತ ಹೆಚ್ಚಿನದು. ಸಂಗೀತ ಕಲಿಯುವ, ಕಲಿಸುವ ದಾರಿಯೇ ಅದಾಗಿತ್ತು.

ಪ್ಲೇಟಿನ ಕಾಲ

1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡರು. ಆಗ ಪ್ಲೇಟುಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರು ಹಾಡಿದ್ದೆಂದು ಅಲ್ಲಿಯವರಿಗೆ ತಿಳಿಯಲೆಂದು ಹಾಡಿನ ಕೊನೆಗೆ ಗೌಹರ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಆ ಸಾರುವ ಮಾತೂ ಹಾಡಿನಷ್ಟೇ ಪ್ರಸಿದ್ಧವಾಯಿತು. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ತೆರೆದ ಮೇಲೆ ಪ್ಲೇಟುಗಳು ದೇಶದ ಸಣ್ಣ ಪೇಟೆಗಳಿಗೂ ಹರಿದುಬಂದವು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಮೈಸೂರು ಅರಮನೆಯ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಅರಗಿನಿಂದ ಮಾಡಿದ ಹತ್ತಿಂಚಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಪ್ರತಿ ಸಲ ಚಾವಿ ಕೊಡಬೇಕು, ಉಕ್ಕಿನ ಮುಳ್ಳು ಬದಲಿಸಬೇಕು, ತೂಕದ ಕೈಯನ್ನು ಮೆಲ್ಲಗೆ ಅಂಚಿಗೆ ಇಳಿಸಬೇಕು. ಬೈಠಕ್‌ನಲ್ಲಿ ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಗಾಯಕ ಈ ಮೂರು ನಿಮಿಷದಲ್ಲಿ ತೋರಿಸಿ ಮುಗಿಸಬೇಕಿತ್ತು. ಸಂಗೀತ ಇದರಿಂದ ಕುಗ್ಗಿತು ಎನ್ನುವವರಿದ್ದಾರೆ. ಆದರೆ ಅದೇ ಮೂರು ನಿಮಿಷವನ್ನು ನೂರು ಸಲ ಕೇಳಬಹುದಾಗಿತ್ತು ಎಂಬುದನ್ನು ಮರೆಯಬಾರದು. ರಾಗದ ಒಂದು ಹಿಡಿತವನ್ನು, ಒಂದು ಮೀಂಡನ್ನು ಕಿವಿಯಲ್ಲಿ ಕೂರಿಸಿಕೊಳ್ಳುವ ಸೌಲಭ್ಯ ಸಾಮಾನ್ಯ ಕೇಳುಗನಿಗೆ ಅದಕ್ಕೆ ಮೊದಲು ಇದ್ದಿಲ್ಲ.

ಯಂತ್ರ ದುಬಾರಿ. ಕೊಳ್ಳಬಲ್ಲವರು ಜಮೀನ್ದಾರರು, ವ್ಯಾಪಾರಿಗಳು, ಹೋಟೆಲಿನವರು, ಪ್ಲೇಟು ಮಾರುವ ಅಂಗಡಿಯವರು ಮಾತ್ರ. ಹೀಗಾಗಿ ಪ್ಲೇಟು ಒಬ್ಬರ ಸ್ವತ್ತಾದರೂ ಹಾಡು ಓಣಿಯ ಸ್ವತ್ತು. ಕರ್ನಾಟಕದ ಹಿಂದುಸ್ತಾನಿ ಸಂಗೀತದ ಚರಿತ್ರೆಯಲ್ಲಿ ಇದರ ಫಲ ಸ್ಪಷ್ಟವಾಗಿ ಕಾಣುತ್ತದೆ. ಗಂಗೂಬಾಯಿ ಹಾನಗಲ್ ಚಿಕ್ಕಂದಿನಲ್ಲಿ ಗ್ರಾಮಫೋನಿನ ದನಿ ಕಿವಿಗೆ ಬಿದ್ದರೆ ಬೀದಿಗೆ ಓಡುತ್ತಿದ್ದರು. ಗದಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಕೇಳಿದ್ದು ಮೀರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಪ್ಲೇಟನ್ನು. ಹಾಗೆ ಹಾಡಬೇಕೆಂಬ ಹಟ ಹಿಡಿದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದರು. ಕೊನೆಗೆ ಗುರು ದೊರೆತದ್ದು ಊರ ಸಮೀಪದ ಕುಂದಗೋಳದಲ್ಲೇ: ಅದೇ ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವರು.

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠರದು ಇನ್ನೂ ಅಚ್ಚರಿಯ ಸಂಗತಿ. ಯಾರೂ ಪಾಠ ಹೇಳಿಕೊಡುವ ಮೊದಲೇ ಈ ಮಗು ದೊಡ್ಡ ಗಾಯಕರ ಪ್ಲೇಟುಗಳನ್ನು ಕೇಳಿ ಸ್ವರ, ತಾನ್, ಉಚ್ಚಾರ ಒಂದೂ ತಪ್ಪದಂತೆ ಒಪ್ಪಿಸುತ್ತಿತ್ತು. ಮಠಾಧೀಶರೊಬ್ಬರು ಕೊಟ್ಟ ಕುಮಾರ ಗಂಧರ್ವ ಎಂಬ ಬಿರುದೇ ಮುಂದೆ ಹೆಸರಾಯಿತು. ಪ್ಲೇಟಿನ ಅನುಕರಣೆಯಿಂದ ಹೊರಟವರು ಮುಂದೆ ಯಾವ ಘರಾಣೆಯನ್ನೂ ಅನುಕರಿಸದ ಗಾಯಕರಾದರು ಎಂಬುದು ಮುದ್ರಿತ ಸಂಗೀತದ ಬಗ್ಗೆ ಗುಮಾನಿಪಡುವವರು ಗಮನಿಸಬೇಕಾದ ಮಾತು.

ಬೀದರ ಸೀಮೆಗೆ ಹತ್ತಿರದ ದೊಡ್ಡ ಪೇಟೆ ಹೈದರಾಬಾದ್. ಅಲ್ಲಿಯ ಹೋಟೆಲುಗಳಲ್ಲಿ ಚಹಾದ ಜತೆ ಪ್ಲೇಟು ಕೇಳುವುದು ಸಾಮಾನ್ಯವಾಗಿತ್ತು. ಬಾಲ್ಯದಲ್ಲಿ ಆ ನಗರದಲ್ಲಿದ್ದ ಪಂಡಿತ್ ಜಸರಾಜ್, ಶಾಲೆಗೆ ಹೋಗುವ ದಾರಿಯ ಹೋಟೆಲೊಂದರಲ್ಲಿ ಬೇಗಂ ಅಖ್ತರ್ ಅವರ ಗಜಲ್ ಕೇಳುತ್ತ ಶಾಲೆಯನ್ನೇ ಮರೆಯುತ್ತಿದ್ದುದನ್ನು ಮುಂದೆ ಎಷ್ಟೋ ಸಲ ನೆನೆದಿದ್ದಾರೆ. 1956ಕ್ಕೆ ಮೊದಲು ಉದಗೀರ, ಜಹೀರಾಬಾದ್‌ಗಳೂ ಬೀದರ ಜಿಲ್ಲೆಯಲ್ಲೇ ಇದ್ದವು. ಕನ್ನಡ, ಉರ್ದು, ಮರಾಠಿ, ತೆಲುಗು ಒಟ್ಟಿಗೆ ಬಾಳಿದ ಈ ನೆಲದ ಕಿವಿಗೆ ಗಜಲ್, ಕವ್ವಾಲಿ, ಮರಾಠಿ ನಾಟ್ಯಗೀತೆ, ವಚನ ಯಾವುದೂ ಹೊರಗಿನದಲ್ಲ. ಖಯಾಲ್ ಗಾಯನಕ್ಕೆ ಇವೆಲ್ಲವೂ ಹೊಸ್ತಿಲುಗಳು.

ಪ್ಲೇಟಿಗೆ ಸಿಗದೇ ಹೋದ ಸಂಗೀತವೂ ಬಹಳವಿದೆ. ಜೈಪುರ ಘರಾಣೆಯ ಅಲ್ಲಾದಿಯಾ ಖಾನರು ತಮ್ಮ ಗಾಯನವನ್ನು ಮುದ್ರಿಸಿಕೊಳ್ಳಲು ಬಿಡಲೇ ಇಲ್ಲ. ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಕಲಿತ ಮಲ್ಲಿಕಾರ್ಜುನ ಮನ್ಸೂರರ ಮುದ್ರಿಕೆಗಳಲ್ಲಿ ಆ ಪರಂಪರೆಯನ್ನು ಊಹಿಸಿಕೊಳ್ಳಬೇಕು. ಗಂಗೂಬಾಯಿಯವರ ವಿಷಯ ಬೇರೆ. 1930ರ ದಶಕದಲ್ಲಿ ಎಚ್‌ಎಂವಿ ಅವರ ಹಾಡುಗಳನ್ನು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹೊರತಂದಿತು. ಆ ಪ್ಲೇಟುಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದನಿ ಗಡುಸಾಯಿತು. ಲೋಕ ಗಂಗೂಬಾಯಿ ಎಂದು ಬಲ್ಲದ್ದು ಆ ಎರಡನೆಯ ದನಿಯನ್ನು. ಎರಡನ್ನೂ ಒಂದರ ಹಿಂದೊಂದು ಹಚ್ಚಿ ಕೇಳಿದವರಿಗೆ ದನಿ ಬದಲಾದರೂ ಸ್ವರದ ನಿಲುವು ಬದಲಾಗಿಲ್ಲವೆಂದು ತಿಳಿಯುತ್ತದೆ. ಇಂಥ ತಿಳಿವಳಿಕೆ ಮುದ್ರಿಕೆಗಳಿಲ್ಲದೆ ಸಾಧ್ಯವಿರಲಿಲ್ಲ.

ರೇಡಿಯೊ

1935ರ ಸೆಪ್ಟೆಂಬರ್‌ನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೊ ನಿಲಯ ಆರಂಭಿಸಿದರು. ಬೀದರದವರಿಗೆ ಅದು ದೂರ. ಇಲ್ಲಿಗೆ ಹತ್ತಿರದ್ದು ನಿಜಾಮರ ಹೈದರಾಬಾದ್ ನಿಲಯ. 1950ರ ಏಪ್ರಿಲ್‌ನಲ್ಲಿ ಅದು ಆಲ್ ಇಂಡಿಯಾ ರೇಡಿಯೊಕ್ಕೆ ಸೇರಿತು. ಅದೇ ವರ್ಷದ ಜನವರಿ 8ರಂದು ಧಾರವಾಡ ನಿಲಯ ತೆರೆದಿತ್ತು. ಮನ್ಸೂರರು ಅದರ ಸಂಗೀತ ಸಲಹೆಗಾರರಾಗಿದ್ದರು. ಕಲಬುರಗಿ ನಿಲಯ ಆರಂಭವಾದದ್ದು 1966ರ ನವೆಂಬರ್ 11ರಂದು. ಹೈದರಾಬಾದ್ ಕರ್ನಾಟಕದ ಕೇಳುಗರಿಗೆ ತಮ್ಮದೇ ನಿಲಯ ದೊರೆತದ್ದು ಆಗಲೇ.

1952ರ ಜುಲೈನಲ್ಲಿ ಶುರುವಾದ ಶನಿವಾರ ರಾತ್ರಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಕೇಳುವ ಬಗೆಯನ್ನೇ ಬದಲಿಸಿತು. ಮೂರು ನಿಮಿಷದ ಪ್ಲೇಟಿಗೆ ಒಗ್ಗಿದ್ದ ಕಿವಿಗಳು ಪೂರ್ತಿ ಬೆಳೆದ ವಿಲಂಬಿತ ಖಯಾಲನ್ನು ಮನೆಯಲ್ಲೇ ಕೇಳಿದವು. ರೇಡಿಯೊ ಇದ್ದ ಮನೆಯ ಕಟ್ಟೆಯ ಮೇಲೆ ಇಲ್ಲದವರೂ ಕೂರುತ್ತಿದ್ದರು. ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ಹಾಡು ಕೇಳಿದ್ದರಿಂದ ಮರುದಿನದ ಮಾತಿಗೆ ವಿಷಯ ಸಿದ್ಧವಾಗಿರುತ್ತಿತ್ತು. 1940ರಿಂದ 1971ರವರೆಗೆ ಆಲ್ ಇಂಡಿಯಾ ರೇಡಿಯೊದಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಹಾರ್ಮೋನಿಯಂ ಇಲ್ಲದೆ ಬೈಠಕ್ಕನ್ನೇ ಕಾಣದ ಈ ಭಾಗದ ರಸಿಕರು ಅಷ್ಟು ವರ್ಷ ರೇಡಿಯೊದಲ್ಲಿ ಸಾರಂಗಿಯ ಸಾಥ್ ಕೇಳಿದರು.

ಟೇಪು ಮತ್ತು ಕ್ಯಾಸೆಟ್ಟು

ಕೇಳುಗ ತಾನೇ ಮುದ್ರಿಸಿಕೊಳ್ಳುವಂತಾದದ್ದು ಟೇಪ್ ರೆಕಾರ್ಡರ್‌ನಿಂದ. 1980ರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾಗಿ ಸಣ್ಣ ಊರುಗಳಿಗೂ ಮುಟ್ಟಿತು. ರೇಡಿಯೊ ಕಛೇರಿಯನ್ನು ಹಿಡಿದಿಡುವುದು, ಎರಡು ಬಾಯಿಯ ಟೇಪಿನಲ್ಲಿ ಪ್ರತಿ ಮಾಡಿ ಗೆಳೆಯರಿಗೆ ಕೊಡುವುದು, ಒಳಗಿನ ಚೀಟಿಯ ಮೇಲೆ ರಾಗ, ತಾಳ, ತಬಲಾ ಸಾಥ್ ಯಾರದೆಂದು ಸಣ್ಣ ಅಕ್ಷರದಲ್ಲಿ ಬರೆಯುವುದು ರಸಿಕರ ಕೆಲಸವಾಯಿತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಸಿಗುವುದು ನಲವತ್ತೈದು ನಿಮಿಷ. ಎಷ್ಟೋ ದರಬಾರಿಗಳು ದ್ರುತ್‌ಗೆ ಬರುವ ಹೊತ್ತಿಗೆ ಕಡಿದುಹೋಗಿವೆ. ಆ ತುಂಡುಗಳನ್ನೂ ಯಾರೂ ಎಸೆಯಲಿಲ್ಲ.

ಬಸವಕಲ್ಯಾಣವಿರುವ ಜಿಲ್ಲೆಯಲ್ಲಿ ವಚನ ಗಾಯನದ ಕ್ಯಾಸೆಟ್ಟುಗಳ ಪಾತ್ರ ದೊಡ್ಡದು. ಮನ್ಸೂರರು, ಬಸವರಾಜ ರಾಜಗುರುಗಳು ರಾಗದ ಬಿಗಿ ಸಡಿಲಿಸದೆ ವಚನ ಹಾಡಿದರು. ಭೀಮಸೇನ ಜೋಶಿಯವರ ದಾಸರ ಪದಗಳೂ ಮನೆಮನೆ ಹೊಕ್ಕವು. ಖಯಾಲಿನ ಬಂದಿಶ್ ಅರ್ಥವಾಗದವರೂ ಬಲ್ಲ ವಚನದ ಮೂಲಕ ರಾಗದ ಗುರುತು ಹಿಡಿದರು. ಈ ಮುದ್ರಿಕೆಗಳನ್ನು ಲಘು ಸಂಗೀತವೆಂದು ಬದಿಗಿಡುವುದು ಸರಿಯಲ್ಲ; ಉತ್ತರ ಕರ್ನಾಟಕದಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಕೇಳುಗರನ್ನು ತಂದುಕೊಟ್ಟವು ಇವೇ.

ಸಂಗ್ರಾಹಕರು

78 ಸುತ್ತಿನ ಪ್ಲೇಟುಗಳು ಗುಜರಿ ಸೇರತೊಡಗಿದಾಗ 1990ರಲ್ಲಿ ಮುಂಬೈಯಲ್ಲಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಹುಟ್ಟಿತು. ಸುರೇಶ್ ಚಾಂದವಣಕರ್ ಮತ್ತು ಆಸ್ಟ್ರೇಲಿಯಾದ ಮೈಕೆಲ್ ಕಿನ್ನಿಯರ್ ಇದರ ಮುಂದಾಳುಗಳು. ‘ದಿ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆ ಹೊರಟಿತು. ಒಬ್ಬ ಕಲಾವಿದರನ್ನೋ ಒಂದು ವಿಷಯವನ್ನೋ ಹಿಡಿದು ಪ್ಲೇಟು ಹಚ್ಚಿ ಮಾತಾಡುವ ಶ್ರವಣ ಕೂಟಗಳು ನಡೆದವು. ಕನ್ನಡಿಗರೂ ಹೆಚ್ಚಾಗಿರುವ ಗಡಿಜಿಲ್ಲೆ ಸೊಲ್ಲಾಪುರದಲ್ಲಿ ಇದರ ಶಾಖೆ ಚುರುಕಾಗಿ ಕೆಲಸ ಮಾಡಿತು. ಬೆಂಗಳೂರಿನಲ್ಲಿ ವಿಕ್ರಮ ಸಂಪತ್ ಆರಂಭಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ಕೇಳುವಂತೆ ಮಾಡಿದೆ. 2016ರ ಜನವರಿ 26ರಂದು ಆಕಾಶವಾಣಿ ಬೆಂಗಳೂರಿನಿಂದ ‘ರಾಗಂ’ ಎಂಬ ಶಾಸ್ತ್ರೀಯ ಸಂಗೀತದ ವಾಹಿನಿ ತೆರೆದು ತನ್ನ ಭಂಡಾರದ ಮುದ್ರಿಕೆಗಳನ್ನು ಹಗಲಿರುಳು ಬಿತ್ತರಿಸತೊಡಗಿತು.

ಈಗ ಹಂಚಿಕೆಯೆಲ್ಲ ಮೊಬೈಲಿನಲ್ಲಿ. ಔರಾದದಲ್ಲಿ ಕುಳಿತವರಿಗೂ ಅಬ್ದುಲ್ ಕರೀಂ ಖಾನರ ಝಿಂಝೋಟಿ ಕ್ಷಣದಲ್ಲಿ ಸಿಗುತ್ತದೆ. ಆದರೆ ಕೈಯಿಂದ ಕೈಗೆ ಸಾಗುವಾಗ ಹಾಡಿದ ವರ್ಷ, ಸ್ಥಳ, ತಬಲಾ ಸಾಥಿಯ ಹೆಸರು ಕಳಚಿಹೋಗಿ ಎಷ್ಟೋ ಸಲ ರಾಗದ ಹೆಸರೂ ತಪ್ಪಾಗಿ ಅಂಟಿಕೊಂಡಿರುತ್ತದೆ. ಖಾಸಗಿ ಬೈಠಕ್‌ಗಳ ಟೇಪುಗಳಿಗಂತೂ ಚೀಟಿಯೊಂದೇ ಆಧಾರ. ಟೇಪಿನ ಲೇಪನ ಉದುರುವ ಮೊದಲು ಹಾಡನ್ನು ಡಿಜಿಟಲ್ ಮಾಡಿಸುವವರು ಚೀಟಿಯ ಎರಡೂ ಮಗ್ಗುಲಿನ ಚಿತ್ರ ತೆಗೆದು ಜತೆಗಿಡುವುದು ಅಗತ್ಯ.