ನೆಲ ಎಷ್ಟು ಕೆಳಗಿದೆ? ಬೆಟ್ಟ ಎಷ್ಟು ಮುಂದಿದೆ?

1966ರ ಜನವರಿ 24ರಂದು ಏರ್ ಇಂಡಿಯಾದ ಬೋಯಿಂಗ್ 707 ವಿಮಾನವೊಂದು ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಮೃತರಾದ 117 ಮಂದಿಯಲ್ಲಿ ಹೋಮಿ ಭಾಭಾ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದ್ದ ಅವರನ್ನು ನೀವೆಲ್ಲ ಬಲ್ಲಿರಿ. ಜಿನೀವಾದತ್ತ ಇಳಿಯುತ್ತಿದ್ದ ಚಾಲಕರು ಪರ್ವತವನ್ನು ದಾಟಿಯಾಯಿತೆಂದು ಭಾವಿಸಿದ್ದರು ಎಂಬುದು ತನಿಖೆಯ ನಿರ್ಣಯ.

ಎತ್ತರಮಾಪಕ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಅದು ಅಳೆಯುವುದು ವಾಯುವಿನ ಒತ್ತಡವನ್ನು. ಅದರಿಂದ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೇವೆ ಎಂಬುದು ತಿಳಿಯುತ್ತದೆ. ಕೆಳಗೆ ಕಣಿವೆಯಿದೆಯೋ ಶಿಖರವಿದೆಯೋ ತಿಳಿಯದು. ವಿಮಾನಕ್ಕೂ ನೆಲಕ್ಕೂ ಇರುವ ಅಂತರವನ್ನು ನೇರವಾಗಿ ಅಳೆಯುವುದು ರೇಡಿಯೋ ಎತ್ತರಮಾಪಕ. ಅಲೆ ನೆಲಕ್ಕೆ ಹೋಗಿ ಮರಳಲು 1 ಮೈಕ್ರೊಸೆಕೆಂಡ್ ಹಿಡಿದರೆ ನೆಲ 150 ಮೀಟರ್ ಕೆಳಗಿದೆ ಎಂದರ್ಥ.

ಈ ಅಂತರ ಅಪಾಯಕರ ವೇಗದಲ್ಲಿ ಕುಗ್ಗತೊಡಗಿದಾಗ ಚಾಲಕರನ್ನು ಎಚ್ಚರಿಸುವ ಸಾಧನವನ್ನು 1960ರ ದಶಕದ ಕೊನೆಯಲ್ಲಿ ರೂಪಿಸಿದವರು ಕೆನಡಾ ಮೂಲದ ಎಂಜಿನಿಯರ್ ಡಾನ್ ಬೇಟ್‌ಮನ್. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಸಮೀಪ ವಿಮಾನವೊಂದು ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಬಳಿಕ ಅಮೆರಿಕ ತನ್ನ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಈ ಸಾಧನವನ್ನು ಕಡ್ಡಾಯ ಮಾಡಿತು.

ಆದರೂ ಒಂದು ಕೊರತೆ ಉಳಿಯಿತು. ಸಾಧನ ನೋಡುತ್ತಿದ್ದುದು ನೇರ ಕೆಳಕ್ಕೆ, ಮುಂದಕ್ಕಲ್ಲ. 1979ರ ನವೆಂಬರ್ 28ರಂದು ಅಂಟಾರ್ಕ್ಟಿಕದ ಎರೆಬಸ್ ಪರ್ವತಕ್ಕೆ ನ್ಯೂಜಿಲೆಂಡಿನ ವಿಮಾನವೊಂದು ಬಡಿದು 257 ಮಂದಿ ಸತ್ತಾಗ, ಎಚ್ಚರಿಕೆ ಮೊಳಗಿದ್ದು ಸುಮಾರು 6 ಸೆಕೆಂಡು ಮೊದಲು. ನೀವೇ ಲೆಕ್ಕ ಹಾಕಿ: ಗಂಟೆಗೆ 480 ಕಿ.ಮೀ. ವೇಗದಲ್ಲಿ 6 ಸೆಕೆಂಡಿಗೆ ಸಾಗುವ ದೂರ ಕೇವಲ 800 ಮೀಟರ್.

ಮುಂದಿನ ಬೆಟ್ಟ ಕಾಣಬೇಕಾದರೆ ಅದು ವಿಮಾನದ ಗಣಕದ ನೆನಪಿನಲ್ಲಿ ಮೊದಲೇ ಇರಬೇಕು. ಆದರೆ ವಿವರವಾದ ಭೂಮಾಹಿತಿ ಅನೇಕ ದೇಶಗಳಲ್ಲಿ ಸೇನೆಯ ಗುಟ್ಟಾಗಿತ್ತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ನಕ್ಷೆಗಳು ದೊರೆತವು. ಬೇಟ್‌ಮನ್ ತಂಡ ಅವುಗಳನ್ನೂ ಬಳಸಿಕೊಂಡಿತು. 1990ರ ದಶಕದಲ್ಲಿ ಬಂದ ಸುಧಾರಿತ ಸಾಧನವು ಜಿಪಿಎಸ್ ನೀಡುವ ಸ್ಥಾನವನ್ನು ಈ ಭೂಪಟದೊಡನೆ ಹೋಲಿಸಿ, ಒಂದು ನಿಮಿಷದಷ್ಟು ಮೊದಲೇ ಎಚ್ಚರಿಸಬಲ್ಲದು. ಅದೇ ವೇಗದಲ್ಲಿ ಇದು 8 ಕಿ.ಮೀ. ದೂರ! 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನಗಳ ಯಾನದಲ್ಲಿ ಭೂಭಾಗದ ಸುಮಾರು ಶೇ. 80ರ ಎತ್ತರಗಳನ್ನು ರೇಡಾರ್‌ನಿಂದ ಅಳೆಯಿತು. ಈ ಮಾಹಿತಿ ಸಾರ್ವಜನಿಕರಿಗೂ ದೊರೆಯಿತು.

ಇಂದು ಗಣಕದಲ್ಲಿ ಓಡುವ ವಿಮಾನಯಾನದ ಅನುಕರಣೆಗಳಲ್ಲೂ ಬೆಟ್ಟಗಳೆಂದರೆ ಇಂಥ ಅಂಕಿಗಳ ಚೌಕಜಾಲವೇ. ಜಾಲದ ಎರಡು ಬಿಂದುಗಳ ನಡುವಿನ ಎತ್ತರವನ್ನು ಗಣಕ ಅಂದಾಜು ಮಾಡುತ್ತದೆ. ಬಿಂದುಗಳು ದೂರ ದೂರವಿದ್ದರೆ ಚೂಪಾದ ಶಿಖರ ಮೊಂಡಾಗಿಬಿಡುತ್ತದೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ಸಮೋನ್ನತಿ ರೇಖೆಗಳಿರುವ ನಕ್ಷೆಯೊಂದರ ಮೇಲೆ ಚೌಕಗಳನ್ನೆಳೆದು, ಮೂಲೆಗಳ ಎತ್ತರವನ್ನು ಮಾತ್ರ ಬರೆದುಕೊಳ್ಳಿ. ಆ ಅಂಕಿಗಳಿಂದಲೇ ಬೆಟ್ಟವನ್ನು ಮತ್ತೆ ಬಿಡಿಸಲು ಮಕ್ಕಳಿಗೆ ಹೇಳಿ. ಶಿಖರ ಎಷ್ಟು ತಗ್ಗಿತೆಂದು ಅವರೇ ಅಳೆಯಲಿ. ಆ ತಗ್ಗಿದಷ್ಟು ಎತ್ತರವನ್ನೂ ಸೇರಿಸಿ ಸುರಕ್ಷಿತ ಅಂತರವನ್ನು ಏಕೆ ಇಟ್ಟುಕೊಳ್ಳಬೇಕೆಂಬುದು ಆಗ ಬೇರೆ ಹೇಳಬೇಕಾಗುವುದಿಲ್ಲ.