ಊಹೆ ಮೊದಲು, ಎಂಟರ್ ಆಮೇಲೆ: ಪುಟ್ಟ ಕೋಡ್ ಪ್ರಯೋಗಗಳು

ಪ್ರೋಗ್ರಾಮಿಂಗ್ ಭಾಷೆಯೊಂದರ ಒಳನಿಯಮಗಳನ್ನು ನಾಲ್ಕೈದು ಸಾಲಿನ ಕೋಡ್ ಬರೆದು, ಓಡಿಸಿ ಪರೀಕ್ಷಿಸುವುದೇ ಕೋಡ್ ಪ್ರಯೋಗ. ಇಲ್ಲಿ ಆ್ಯಪ್ ಕಟ್ಟುವ ಆತುರವಿಲ್ಲ, ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು. ಗೈಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಇದಕ್ಕೆ ಹೇಳಿ ಮಾಡಿಸಿದ ಭಾಷೆ. 2008ರ 3.0 ಆವೃತ್ತಿಯಿಂದೀಚೆಗೆ ಅದರಲ್ಲಿ ವೇರಿಯೇಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಹಾಗಾಗಿ ಕೆಳಗಿನ ಪೈಥಾನ್ ಸಾಲುಗಳನ್ನು ಇದ್ದಂತೆಯೇ ಟೈಪ್ ಮಾಡಿದರೂ ಓಡುತ್ತವೆ.

ಪ್ರಯೋಗದ ಕ್ರಮ

ಟರ್ಮಿನಲ್‌ನಲ್ಲಿ ಪೈಥಾನ್ ತೆರೆದರೆ ಅದು ಒಂದು ಸಾಲು ಓದಿ, ಲೆಕ್ಕ ಹಾಕಿ, ಉತ್ತರ ತೋರಿಸಿ, ಮುಂದಿನ ಸಾಲಿಗೆ ಕಾಯುತ್ತದೆ. ಜಾನ್ ಮೆಕಾರ್ಥಿ 1958ರಲ್ಲಿ ಆರಂಭಿಸಿದ ಲಿಸ್ಪ್ ಭಾಷೆಯ ಬಳಗದಲ್ಲಿ ಬೆಳೆದ ಪದ್ಧತಿ ಇದು. ಪಾಲಿಸಬೇಕಾದ ನಿಯಮ ಎರಡೇ. ಎಂಟರ್ ಒತ್ತುವ ಮೊದಲು ಉತ್ತರ ಏನಿರಬಹುದೆಂದು ಕಾಗದದಲ್ಲಿ ಬರೆದಿಡಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಊಹೆ ತಪ್ಪಿದಾಗಲೇ ಹೆಚ್ಚು ಲಾಭ: ನಮ್ಮ ತಿಳಿವಳಿಕೆ ಎಲ್ಲಿ ಸೋರುತ್ತಿದೆಯೆಂದು ಆಗ ಗೊತ್ತಾಗುತ್ತದೆ.

ಹೆಸರು ಮತ್ತು ವಸ್ತು

ವೇರಿಯೇಬಲ್ ಎಂದರೆ ಡಬ್ಬಿ, ಅದರೊಳಗೆ ಬೆಲೆ ಇರುತ್ತದೆ ಎಂದು ಹೇಳಿಕೊಡುವುದು ರೂಢಿ. ಈ ಡಬ್ಬಿ ಎಷ್ಟು ಗಟ್ಟಿ ಎಂದು ನೋಡೋಣ.

ಪಟ್ಟಿ = [1, 2, 3]
ನಕಲು = ಪಟ್ಟಿ
ನಕಲು += [4]
ಪಟ್ಟಿ

ನಾವು ಮುಟ್ಟಿದ್ದು "ನಕಲು"; ಆದರೂ "ಪಟ್ಟಿ" ಕೇಳಿದರೆ ಬರುವ ಉತ್ತರ [1, 2, 3, 4]. ಕಾರಣ, ಎರಡನೆಯ ಸಾಲಿನಲ್ಲಿ ನಕಲು ಆಗಲೇ ಇಲ್ಲ, ಇದ್ದ ಲಿಸ್ಟ್‌ಗೆ ಇನ್ನೊಂದು ಹೆಸರು ಬಿತ್ತು ಅಷ್ಟೆ. ಶಾಲೆಯ ಹಾಜರಿಯಲ್ಲಿ ಮಂಜುನಾಥ, ಮನೆಯಲ್ಲಿ ಪುಟ್ಟ. ಪುಟ್ಟನ ತಲೆ ಬೋಳಿಸಿದರೆ ಮಂಜುನಾಥನ ತಲೆಯಲ್ಲಿ ಕೂದಲು ಉಳಿದೀತೆ?

ಈಗ ಒಂದನ್ನು ಮಾತ್ರ ಬದಲಿಸೋಣ.

ನಕಲು = ನಕಲು + [5]
ಪಟ್ಟಿ

ಈ ಸಲ "ಪಟ್ಟಿ" ಕದಲುವುದಿಲ್ಲ, [1, 2, 3, 4] ಆಗಿಯೇ ಉಳಿಯುತ್ತದೆ. ಲಿಸ್ಟ್‌ನ ಮಟ್ಟಿಗೆ += ಎಂಬುದು ಇದ್ದ ವಸ್ತುವನ್ನೇ ತಿದ್ದುತ್ತದೆ, + ಹೊಸದನ್ನು ಕಟ್ಟುತ್ತದೆ. ಆಮೇಲೆ "ನಕಲು" ಎಂಬ ಹೆಸರು ಆ ಹೊಸದಕ್ಕೆ ಅಂಟಿಕೊಳ್ಳುತ್ತದೆ. ಇದೇ ಪ್ರಯೋಗವನ್ನು ಸಂಖ್ಯೆಯ ಮೇಲೆ ಮಾಡಿದರೆ += ಬಳಸಿದರೂ ಮೂಲ ಹೆಸರಿನ ಬೆಲೆ ಬದಲಾಗದು, ಏಕೆಂದರೆ ಪೈಥಾನ್‌ನಲ್ಲಿ ಸಂಖ್ಯೆಗಳನ್ನು ತಿದ್ದಲು ಬರುವುದಿಲ್ಲ. ನಿಜವಾದ ನಕಲು ಬೇಕಿದ್ದರೆ ನಕಲು = ಪಟ್ಟಿ[:] ಎಂದು ಬರೆಯಬೇಕು.

ಟೈಪ್

"5" + 5 ಎಂದರೆ ಪೈಥಾನ್ ಟೈಪ್ ಎರರ್ ಕೊಟ್ಟು ಸುಮ್ಮನಾಗುತ್ತದೆ. ಅಕ್ಷರವನ್ನೂ ಸಂಖ್ಯೆಯನ್ನೂ ತಾನಾಗಿ ಬೆರೆಸುವುದಿಲ್ಲ. ಬ್ರೌಸರ್‌ನ ಕನ್ಸೋಲ್‌ನಲ್ಲಿ ಜಾವಾಸ್ಕ್ರಿಪ್ಟ್‌ಗೆ ಅದನ್ನೇ ಕೊಟ್ಟರೆ "55" ಬರುತ್ತದೆ. "5" - 2 ಎಂದು ಕೇಳಿದರೆ ಅದೇ ಜಾವಾಸ್ಕ್ರಿಪ್ಟ್ 3 ಎನ್ನುತ್ತದೆ. ಎರಡೂ ಭಾಷೆಗಳಲ್ಲಿ ಟೈಪ್, ಅಂದರೆ ಅಕ್ಷರವೋ ಸಂಖ್ಯೆಯೋ ಎಂಬ ಬಗೆ, ಇರುವುದು ಹೆಸರಿಗಲ್ಲ, ಬೆಲೆಗೆ. ವ್ಯತ್ಯಾಸ ಇರುವುದು ಬೆರಕೆಯನ್ನು ಎಷ್ಟು ಸಹಿಸುತ್ತವೆ ಎನ್ನುವುದರಲ್ಲಿ.

ದಶಮಾಂಶದ ಲೆಕ್ಕ

0.1 + 0.2

ಉತ್ತರ 0.30000000000000004. ಇದು ಪೈಥಾನ್‌ನ ತಪ್ಪಲ್ಲ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುವಂತೆ, ಹತ್ತನೇ ಒಂದು ಭಾಗವನ್ನು ಸೊನ್ನೆ–ಒಂದರ ದ್ವಿಮಾನದಲ್ಲಿ ಬರೆದರೂ ಮುಗಿಯುವುದಿಲ್ಲ. ಯಂತ್ರ ಒಂದು ಕಡೆ ಕತ್ತರಿಸಲೇಬೇಕು. 0.5 + 0.25 ಕೊಟ್ಟು ನೋಡಿ, ಕರಾರುವಾಕ್ಕಾಗಿ 0.75. ಅರ್ಧ ಮತ್ತು ಕಾಲು ಒಂದನ್ನು ಎರಡರಿಂದ ಭಾಗಿಸುತ್ತ ಹೋದರೆ ಸಿಗುವ ಭಾಗಗಳಾದ್ದರಿಂದ ದ್ವಿಮಾನದಲ್ಲಿ ಚೊಕ್ಕವಾಗಿ ಕೂರುತ್ತವೆ. ಹಣದ ಲೆಕ್ಕದಲ್ಲಿ ರೂಪಾಯಿಯ ದಶಮಾಂಶ ಬಿಟ್ಟು ಪೈಸೆಗಳನ್ನು ಪೂರ್ಣಾಂಕವಾಗಿ ಇಡುವ ವಾಡಿಕೆಗೆ ಇದೇ ಕಾರಣ.

ಅಕ್ಷರ ಎಂದರೇನು

"ಮೈಸೂರು"[::-1]

ಸ್ಟ್ರಿಂಗ್ ತಿರುಗಿಸುವ ಈ ಸಾಲಿನಿಂದ "ರುಸೂಮೈ" ನಿರೀಕ್ಷಿಸಿದವರಿಗೆ ಸಿಗುವುದು "ುರೂಸೈಮ". ನಮ್ಮ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್‌ನಲ್ಲಿ ವ್ಯಂಜನ ಮೂರು, ಸ್ವರಚಿಹ್ನೆ ಮೂರು, ಒಟ್ಟು ಆರು ಸಂಕೇತ. ತಿರುಗಿಸಿದಾಗ ಕೊಂಬು ತನ್ನ ವ್ಯಂಜನವನ್ನು ಬಿಟ್ಟು ಮುಂದೆ ಬಂದು ಒಂಟಿಯಾಗಿ ನಿಂತಿತು, ದೀರ್ಘ ಪಕ್ಕದ ಮನೆಗೆ ಹೋಯಿತು. ಆ್ಯಪಲ್‌ನ ಸ್ವಿಫ್ಟ್ ಭಾಷೆ ಇದೇ ಪದವನ್ನು ಎಣಿಸಿದರೆ ಮೂರು ಎನ್ನುತ್ತದೆ. ಅಕ್ಷರದ ಅಳತೆಯನ್ನೂ ಭಾಷೆಯೇ ಆರಿಸಿಕೊಳ್ಳುತ್ತದೆ ಎಂಬುದು ಕನ್ನಡದ ಪದ ಕೊಟ್ಟಾಗ ಥಟ್ಟನೆ ಬಯಲಾಗುತ್ತದೆ. ಬರೀ ಇಂಗ್ಲಿಷ್ ಪದಗಳಲ್ಲಿ ಪ್ರಯೋಗ ಮಾಡುವವರಿಗೆ ಇದು ಅಷ್ಟು ಸುಲಭವಾಗಿ ಕಾಣದು.

ಪ್ರಯೋಗದ ಮಿತಿ

ಕಂಡದ್ದೆಲ್ಲ ಭಾಷೆಯ ನಿಯಮವಲ್ಲ. ಪೈಥಾನ್‌ನ ಪ್ರಚಲಿತ ಅನುಷ್ಠಾನದಲ್ಲಿ ಬಹುಕಾಲ -5ರಿಂದ 256ರವರೆಗಿನ ಸಂಖ್ಯೆಗಳನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಲಾಗಿತ್ತು. ಅದರಿಂದ ಬೇರೆ ಬೇರೆ ಸಾಲಿನಲ್ಲಿ ಟೈಪ್ ಮಾಡಿದ ಎರಡು 256 ಒಂದೇ ವಸ್ತುವಾಗಿದ್ದರೆ, ಎರಡು 257 ಬೇರೆ ಬೇರೆಯಾಗಿರುತ್ತಿದ್ದವು. ಆ 257ರ ಸಾಲುಗಳನ್ನೇ ಒಂದು ಫೈಲಿನಲ್ಲಿ ಬರೆದು ಓಡಿಸಿದರೆ ಫಲಿತಾಂಶ ತಿರುಗಾಮುರುಗಾ. ಇದು ನೆನಪಿನ ಜಾಗ ಉಳಿಸುವ ಉಪಾಯ, ಭಾಷೆ ಕೊಟ್ಟ ಮಾತಲ್ಲ. ಆದ್ದರಿಂದ ಅಚ್ಚರಿಯ ಉತ್ತರ ಬಂದಾಗ ಅದೇ ಪ್ರಯೋಗವನ್ನು ಇನ್ನೊಂದು ಬಗೆಯಲ್ಲಿ ಓಡಿಸಿ, ಅಧಿಕೃತ ಕೈಪಿಡಿಯ ಆ ಪುಟ ತೆರೆಯಬೇಕು. ಯಾವ ಪುಟ ಎನ್ನುವುದು ಆಗ ತಿಳಿದಿರುತ್ತದೆ.